ಕೈ ಹಾಕದ ಆರು ಸಿಲಿಂಡರ್ ಮಸ್ಟಾಂಗ್ ತಗೊಳ್ಳಬೇಕಾ, ವಿ8ಗೆ ಹೋಗಬೇಕಾ?

ಡೆಟ್ರಾಯ್ಟ್ ಸುತ್ತಮುತ್ತ ಇರುವ ನಮ್ಮ ಕನ್ನಡದವರಲ್ಲಿ ವರ್ಷಕ್ಕೆ ಇಬ್ಬರು ಮೂವರಾದರೂ ನನ್ನನ್ನು ಈ ಪ್ರಶ್ನೆ ಕೇಳುತ್ತಾರೆ. ಆಗಸ್ಟ್ ತಿಂಗಳ ಮೂರನೇ ಶನಿವಾರ ವುಡ್‌ವರ್ಡ್ ಅವೆನ್ಯೂ ಮೇಲೆ ಹಳೆ ಕಾರುಗಳ ಜಾತ್ರೆ ನೋಡಿ ಬಂದಿರುತ್ತಾರೆ, ತಲೆಯಲ್ಲಿ ಫೋರ್ಡ್ ಕಂಪನಿಯ ಮಸ್ಟಾಂಗ್ ಕೂತುಬಿಟ್ಟಿರುತ್ತದೆ. ಹುಡುಕಲು ಶುರು ಮಾಡುತ್ತಾರೆ. ಚೆನ್ನಾಗಿರುವ 1966ರ ಹಾರ್ಡ್‌ಟಾಪ್ (ಗಟ್ಟಿ ಛಾವಣಿಯ ಗಾಡಿ) ಒಂದು ಸಿಗುತ್ತದೆ, ಬೆಲೆಯೂ ಕೈಗೆ ಎಟುಕುವ ಹಾಗಿರುತ್ತದೆ. ಆಮೇಲೆ ಕೆಳಗೆ ಬರೆದದ್ದು ಕಣ್ಣಿಗೆ ಬೀಳುತ್ತದೆ: ಆರು ಸಿಲಿಂಡರ್. ಅಲ್ಲಿಗೆ ಉತ್ಸಾಹ ಇಳಿದುಹೋಗುತ್ತದೆ. "ಸಾರ್, ಇದು ಸಿಕ್ಸ್ ಅಂತೆ. ಬಿಟ್ಟುಬಿಡಲಾ?"

ಬಿಡಬೇಡಿ. ಮೊದಲು ಹೋಗಿ ನೋಡಿ. ಅದು ಕಂಪನಿಯಿಂದ ಬಂದ ಹಾಗೇ ಇದೆಯಾ, ಯಾರೂ ಕೈ ಹಾಕಿಲ್ಲವಾ ಅಂತ ನೋಡಿ. ಹಾಗಿದ್ದರೆ ಅದೇ ಬೆಲೆಯ ವಿ8ಗಿಂತ, ಅಂದರೆ ಎಂಟು ಸಿಲಿಂಡರಿನದ್ದಕ್ಕಿಂತ, ನಿಮಗೆ ಅದೇ ಒಳ್ಳೆಯ ಗಾಡಿ ಆಗುವ ಸಾಧ್ಯತೆ ಜಾಸ್ತಿ. ನಾನು ಹನ್ನೊಂದು ವರ್ಷದಿಂದ ಇಂಥದ್ದೇ ಒಂದನ್ನು ಇಟ್ಟುಕೊಂಡಿದ್ದೇನೆ. 1966ರ ಹಾರ್ಡ್‌ಟಾಪ್, 200 ಕ್ಯೂಬಿಕ್ ಇಂಚಿನ ಸಿಕ್ಸ್, ಮೂರು ಗೇರ್. ನಮ್ಮ ಮನೆಯಿಂದ ಅರ್ಧ ಗಂಟೆ ದೂರದ ಡಿಯರ್‌ಬಾರ್ನ್‌ನಲ್ಲಿ ತಯಾರಾದ ಗಾಡಿ ಅದು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಸಿಕ್ಸ್ ಅಂದರೆ ಮಸ್ಟಾಂಗ್‌ನ ಬಡ ತಮ್ಮ ಅಲ್ಲ. 1964ರ ಏಪ್ರಿಲ್ 17ರಂದು ನ್ಯೂಯಾರ್ಕ್ ವರ್ಲ್ಡ್ಸ್ ಫೇರ್‌ನಲ್ಲಿ ಫೋರ್ಡ್ ಈ ಕಾರನ್ನು ತೋರಿಸಿದಾಗ 2,368 ಡಾಲರ್ ಅಂತ ಊರೆಲ್ಲ ಸಾರಿದ್ದು ಸಿಕ್ಸ್‌ನ ಬೆಲೆಯನ್ನೇ. ಉದ್ದನೆಯ ಬಾನೆಟ್, ಗಿಡ್ಡ ಡಿಕ್ಕಿ, ಮುಂದೆ ಎರಡು ಬಕೆಟ್ ಸೀಟು, ಇಷ್ಟೂ ಒಬ್ಬ ಟೀಚರಿಗೋ ಗುಮಾಸ್ತನಿಗೋ ಸಿಗುವ ಬೆಲೆಯಲ್ಲಿ. ಪೋನಿ ಕಾರ್ ಅನ್ನುವ ಜಾತಿ ಹುಟ್ಟಿದ್ದೇ ಆ ಲೆಕ್ಕದಿಂದ. 1966ರ ಮಾರ್ಚ್ ಹೊತ್ತಿಗೆ ಹತ್ತು ಲಕ್ಷ ಗಾಡಿ ಆಗಿತ್ತು ಅಂದರೆ ಅದರಲ್ಲಿ ಸಿಕ್ಸ್‌ಗಳ ಪಾಲು ದೊಡ್ಡದು. ಆ ವರ್ಷ ಸಿಕ್ಸ್‌ಗೆಂದೇ 'ಸ್ಪ್ರಿಂಟ್ 200' ಅಂತ ಒಂದು ಪ್ಯಾಕೇಜ್ ಬಂತು: ಕ್ರೋಮ್ ಏರ್ ಕ್ಲೀನರ್, ನಡುವೆ ಕನ್ಸೋಲ್, ಪಕ್ಕದಲ್ಲಿ ಸಣ್ಣ ಗೆರೆ, ವೈರ್ ವೀಲ್ ಕವರ್. ಅವತ್ತು ಜನ ರಸ್ತೆಯಲ್ಲಿ ನೋಡುತ್ತಿದ್ದ ಮಸ್ಟಾಂಗ್ ಇದೇ. ಇವತ್ತು ಶೋಗೆ ಹೋದರೆ ಬರೀ ವಿ8 ಕಾಣುತ್ತದೆ. ಆ ಸಿಕ್ಸ್‌ಗಳು ಎಲ್ಲಿ ಹೋದವು? ಒಂದಿಷ್ಟು ತುಕ್ಕು ಹಿಡಿದು ಗುಜರಿಗೆ ಹೋದವು. ಒಂದಿಷ್ಟಕ್ಕೆ ಯಾರೋ ವಿ8 ಕೂರಿಸಿದರು. ಉಳಿದದ್ದು ಕಡಿಮೆ, ಅದರಲ್ಲೂ ಪೂರ್ತಿ ಹಾಗೇ ಉಳಿದದ್ದು ಇನ್ನೂ ಕಡಿಮೆ.

ಎರಡರ ಮಧ್ಯೆ ಬರೀ ಎಂಜಿನ್ ವ್ಯತ್ಯಾಸ ಅಲ್ಲ

1966ರ ಲೆಕ್ಕ ಹೇಳುತ್ತೇನೆ. ಸಿಕ್ಸ್ 200 ಕ್ಯೂಬಿಕ್ ಇಂಚು, ಅಂದರೆ 3.3 ಲೀಟರ್, 120 ಹಾರ್ಸ್‌ಪವರ್. ಮಾಮೂಲಿ ವಿ8 289 ಕ್ಯೂಬಿಕ್ ಇಂಚು, 200 ಹಾರ್ಸ್‌ಪವರ್. ಅದರ ಮೇಲೆ 225 ಮತ್ತು 271ರದ್ದೂ ಇದ್ದವು. ಈ ಅಂಕಿಗಳನ್ನು ಇವತ್ತಿನ ಕಾರಿನ ಜೊತೆ ಹೋಲಿಸಬೇಡಿ, ಆಗ ಅಳೆಯುತ್ತಿದ್ದ ರೀತಿಯೇ ಬೇರೆ, ಚಕ್ರಕ್ಕೆ ಬರುವುದು ಇದಕ್ಕಿಂತ ಸಾಕಷ್ಟು ಕಡಿಮೆ.

ಆದರೆ ಫೋರ್ಡ್‌ನವರು ಒಂದೇ ಕಾರಿಗೆ ಎರಡು ಎಂಜಿನ್ ಹಾಕಲಿಲ್ಲ. ಎಂಜಿನ್‌ಗೆ ತಕ್ಕಂತೆ ಕೆಳಗಿನ ಸಾಮಾನೆಲ್ಲ ಬೇರೆ ಹಾಕಿದರು. ಸಿಕ್ಸ್‌ಗೆ ಒಂದೊಂದು ಚಕ್ರಕ್ಕೆ ನಾಲ್ಕು ನಟ್, ವಿ8ಗೆ ಐದು. ಸಿಕ್ಸ್‌ನ ಬ್ರೇಕ್ ಡ್ರಮ್ 9 ಇಂಚು, ವಿ8ನದ್ದು 10. ಹಿಂದಿನ ಆಕ್ಸಲ್ ಒಂದಕ್ಕೆ ಏಳೂಕಾಲು ಇಂಚಿನದ್ದು, ಇನ್ನೊಂದಕ್ಕೆ 8 ಇಂಚಿನದ್ದು. ಮುಂದಿನ ಸ್ಪಿಂಡಲ್, ಸ್ಟೀರಿಂಗ್ ರಾಡುಗಳು, ಸ್ಪ್ರಿಂಗ್, ರೇಡಿಯೇಟರ್, ಎಲ್ಲ ಬೇರೆ ಬೇರೆ. ಸಿಕ್ಸ್‌ನ ಒಂದೊಂದು ಭಾಗವೂ ಆ 120 ಹಾರ್ಸ್‌ಪವರ್‌ಗೆ, ಸುಮಾರು 1,100 ಕಿಲೋ ತೂಕಕ್ಕೆ ಅಳತೆ ಹಾಕಿ ಮಾಡಿದ್ದು. ಅದಕ್ಕೇ ಅದು ಅಷ್ಟು ಹದವಾಗಿ ಓಡುತ್ತದೆ.

ಸಿಕ್ಸ್ ತಗೊಂಡು ವಿ8 ಕೂರಿಸಿದರೆ?

ಇದು ಎಲ್ಲರಿಗೂ ಬರುವ ಯೋಚನೆ. ಕಡಿಮೆ ಬೆಲೆಗೆ ಸಿಕ್ಸ್ ತಗೊಳ್ಳೋಣ, ಎಲ್ಲಿಂದಲೋ ಒಂದು 289 ಅಥವಾ 302 ಕ್ಯೂಬಿಕ್ ಇಂಚಿನ ವಿ8 ಎಂಜಿನ್ ತಂದು ಹಾಕೋಣ, ವಿ8 ಬೆಲೆಯಲ್ಲಿ ದುಡ್ಡು ಉಳಿಯಿತು ಅಂತ. ಉಳಿಯಲ್ಲ. ಮೇಲೆ ಬರೆದ ಪಟ್ಟಿ ಇನ್ನೊಮ್ಮೆ ಓದಿ. ಎಂಜಿನ್ ಜೊತೆಗೆ ಮೌಂಟ್, ರೇಡಿಯೇಟರ್, ಗೇರ್‌ಬಾಕ್ಸ್, ಸ್ಪಿಂಡಲ್, ಬ್ರೇಕ್, ಸ್ಟೀರಿಂಗ್ ರಾಡು, ಆಕ್ಸಲ್, ಸೈಲೆನ್ಸರ್ ಎಲ್ಲ ಬದಲಾಗಬೇಕು. ಪೂರ್ತಿ ಮಾಡಿದರೆ ಕೊನೆಗೆ ಆ ದುಡ್ಡಿಗೆ ಒಳ್ಳೆಯ ಕಂಪನಿ ವಿ8 ಬಂದಿರುತ್ತಿತ್ತು, ಅದಕ್ಕೆ ಮಾರುವಾಗ ಬೆಲೆಯೂ ಇರುತ್ತಿತ್ತು.

ಅರ್ಧಂಬರ್ಧ ಮಾಡಿದರೆ ಇನ್ನೂ ಕಷ್ಟ, ಅಪಾಯ ಕೂಡ. ವಿ8 ಎಂಜಿನ್, ಆದರೆ ಚಕ್ರಕ್ಕೆ ನಾಲ್ಕೇ ನಟ್, ಒಳಗೆ 9 ಇಂಚಿನ ಡ್ರಮ್: ಇಂಥ ಗಾಡಿ ಮಾರಾಟಕ್ಕೆ ಎಷ್ಟು ಬರುತ್ತದೆ ಅಂದರೆ ನಾನು ಈಗ ಮೊದಲು ಬಾನೆಟ್ ಎತ್ತುವುದೇ ಇಲ್ಲ, ಬಗ್ಗಿ ಚಕ್ರ ನೋಡುತ್ತೇನೆ. 1965–66ರ ಗಾಡಿಯಲ್ಲಿ ವಿ8 ಇದ್ದು ನಾಲ್ಕು ನಟ್ ಕಂಡರೆ ಅಲ್ಲಿಂದಲೇ ವಾಪಸ್ ಬನ್ನಿ. ಜಾಸ್ತಿ ಶಕ್ತಿ, ಜಾಸ್ತಿ ತೂಕ, ಬ್ರೇಕು ಮಾತ್ರ ಹಳೆಯ ಲೆಕ್ಕದ್ದು. ನಿಮ್ಮ ಮಕ್ಕಳನ್ನು ಅದರಲ್ಲಿ ಕೂರಿಸಬೇಡಿ.

ವಿ8 ಬೇಕು ಅಂದರೆ ತಪ್ಪೇನೂ ಇಲ್ಲ. ಆ ಸದ್ದು ಬೇಕು, ಆ ಎಳೆತ ಬೇಕು ಅನ್ನುವುದು ನನಗೆ ಅರ್ಥವಾಗುತ್ತದೆ. ಹಾಗಾದರೆ ಇನ್ನೊಂದಿಷ್ಟು ಕಾಲ ದುಡ್ಡು ಕೂಡಿಸಿ, ವಿ8 ಆಗಿಯೇ ಹುಟ್ಟಿದ ಗಾಡಿ ತಗೊಳ್ಳಿ. ಅರವತ್ತು ವರ್ಷ ಹಾಗೇ ಉಳಿದುಕೊಂಡು ಬಂದ ಒಂದು ಸಿಕ್ಸನ್ನು ಕೊಯ್ದು ಇನ್ನೊಂದು ಸಾಧಾರಣ ವಿ8 ಮಾಡುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಓಡಿಸುವಾಗ ಹೇಗಿರುತ್ತೆ

ನೇರವಾಗಿ ಹೇಳುತ್ತೇನೆ, ಇದು ಜೋರಾಗಿ ಓಡುವ ಗಾಡಿ ಅಲ್ಲ. ನಿಂತಲ್ಲಿಂದ ಗಂಟೆಗೆ 60 ಮೈಲಿ ಮುಟ್ಟಲು 14 ಸೆಕೆಂಡಿನ ಆಸುಪಾಸು ಬೇಕು. ಇವತ್ತಿನ ಚಿಕ್ಕ ಹ್ಯಾಚ್‌ಬ್ಯಾಕ್ ಕೂಡ ಸಿಗ್ನಲ್‌ನಲ್ಲಿ ಹಿಂದೆ ಹಾಕುತ್ತದೆ.

ಆದರೆ ಸಾಲಾಗಿ ನಿಂತ ಆರು ಸಿಲಿಂಡರಿನ ಗುಣವೇ ಬೇರೆ. ಮುಂದಿನ ಮೂರು ಪಿಸ್ಟನ್ ಮತ್ತು ಹಿಂದಿನ ಮೂರು ಪಿಸ್ಟನ್ ಕನ್ನಡಿಯಲ್ಲಿ ನೋಡಿದ ಹಾಗೆ ಚಲಿಸುತ್ತವೆ, ಒಂದರ ಅಲುಗಾಟವನ್ನು ಇನ್ನೊಂದು ನುಂಗಿಬಿಡುತ್ತದೆ. ಕ್ರ್ಯಾಂಕ್‌ಗೆ ಏಳು ಮೇನ್ ಬೇರಿಂಗ್ ಆಸರೆ. ಟ್ಯೂನ್ ಸರಿ ಇದ್ದರೆ ಐಡಲಿಂಗ್‌ನಲ್ಲಿ ಫೆಂಡರ್ ಮೇಲೆ ಕೈ ಇಟ್ಟರೆ ಮಾತ್ರ ಎಂಜಿನ್ ಓಡುತ್ತಿದೆ ಅಂತ ಗೊತ್ತಾಗುತ್ತದೆ. ಎಳೆತ ಕೆಳಗಿನ ಆರ್‌ಪಿಎಂನಲ್ಲೇ ಬರುತ್ತದೆ, 2,400ಕ್ಕೆಲ್ಲ ಅದರ ಪೂರ್ತಿ ಟಾರ್ಕ್ ನಿಮ್ಮ ಕಾಲ ಕೆಳಗೆ. ಟಾಪ್ ಗೇರಿಗೆ ಹಾಕಿ ಊರೊಳಗೆ ಸುಮ್ನೆ ಬಿಟ್ಟುಬಿಡಬಹುದು, ಗಂಟೆಗೆ 25 ಮೈಲಿಯಿಂದ ಗೊಣಗದೆ ಎತ್ತಿಕೊಂಡು ಹೋಗುತ್ತದೆ. ಮೂತಿ ಹಗುರ, ಹಾಗಾಗಿ ಪವರ್ ಸ್ಟೀರಿಂಗ್ ಇಲ್ಲದೆಯೂ ನನ್ನ ಹೆಂಡತಿ ಆರಾಮಾಗಿ ಪಾರ್ಕ್ ಮಾಡುತ್ತಾಳೆ. ಅದೇ ಪವರ್ ಸ್ಟೀರಿಂಗ್ ಇಲ್ಲದ ನನ್ನ ಗೆಳೆಯರೊಬ್ಬರ ವಿ8ನಲ್ಲಿ ತೋಳು ನೋವು ಬರುತ್ತದೆ.

ಮೂರು ಗೇರಿನ ಗಾಡಿಯಾದರೆ ಒಂದು ಅಭ್ಯಾಸ ಬೇಕು. ಫಸ್ಟ್ ಗೇರಿಗೆ ಸಿಂಕ್ರೋ (ಗೇರ್ ಹಲ್ಲುಗಳ ವೇಗ ಹೊಂದಿಸುವ ಭಾಗ) ಇಲ್ಲ. ಗಾಡಿ ಪೂರ್ತಿ ನಿಂತ ಮೇಲೆಯೇ ಫಸ್ಟ್ ಹಾಕಬೇಕು, ಓಡುವಾಗ ಹಾಕಿದರೆ ಗರ್ ಅನ್ನುತ್ತದೆ. ಊರಲ್ಲಿ ಹಳೆ ಲಾರಿ, ಜೀಪು ಓಡಿಸಿದವರಿಗೆ ಒಂದು ದಿನದಲ್ಲಿ ಕೈ ಕೂರುತ್ತದೆ. ಅಭ್ಯಾಸ ಬೇಡ ಅನ್ನುವವರು ಸಿ4 ಆಟೊಮ್ಯಾಟಿಕ್ ಇರುವ ಸಿಕ್ಸ್ ನೋಡಿ, ಗಟ್ಟಿ ಗೇರ್‌ಬಾಕ್ಸ್, ಇದರ ಸ್ವಭಾವಕ್ಕೂ ಹೊಂದುತ್ತದೆ.

ಇನ್ನು ಬಾನೆಟ್ ಎತ್ತಿದಾಗಿನ ಸುಖ. ದಾವಣಗೆರೆಯಲ್ಲಿ ನಮ್ಮಪ್ಪನ ಅಂಬಾಸಿಡರ್‌ನಲ್ಲಿ ಎಂಜಿನ್ ಪಕ್ಕದ ಸಂದಿಯಲ್ಲಿ ನೆಲ ಕಾಣುತ್ತಿತ್ತು. ಇಲ್ಲೂ ಹಾಗೇ. ಎಂಜಿನ್‌ನ ಎರಡೂ ಪಕ್ಕದಲ್ಲಿ ಮೊಣಕೈವರೆಗೆ ಕೈ ಇಳಿಸುವಷ್ಟು ಜಾಗ. ಆರೂ ಪ್ಲಗ್ ಒಂದೇ ಪಕ್ಕದಲ್ಲಿ ಸಾಲಾಗಿ ನಿಂತಿವೆ, ಕಾಫಿ ಆರುವುದರೊಳಗೆ ಆರನ್ನೂ ಬಿಚ್ಚಿ ಹಾಕಬಹುದು. ನನ್ನ ಮಗಳು ಹನ್ನೆರಡನೇ ವಯಸ್ಸಿಗೆ ಪಾಯಿಂಟ್ ಗ್ಯಾಪ್ (ಸ್ಪಾರ್ಕ್ ಬರಿಸುವ ಪಾಯಿಂಟ್‌ಗಳ ನಡುವಿನ ಸಂದಿ) ಇಡುವುದನ್ನು ಕಲಿತದ್ದು ಈ ಎಂಜಿನ್ ಮೇಲೆ. ಫೀಲರ್ ಗೇಜಿನ ಎಲೆ ಸಂದಿಯಲ್ಲಿ ಸ್ವಲ್ಪವೇ ಹಿಡಿದು ಜಾರುವಾಗ "ಅಪ್ಪಾ, ಈಗ ಬಂತು" ಅಂದಳು. ಆ ದಿನ ನನಗೆ ಇವತ್ತಿಗೂ ನೆನಪಿದೆ.

ಪೆಟ್ರೋಲ್ ವಿಷಯ: ಹೈವೇಯಲ್ಲಿ ಸಮಾಧಾನವಾಗಿ ಹೋದರೆ ನನಗೆ ಲೀಟರಿಗೆ ಸುಮಾರು 8 ಕಿಲೋಮೀಟರ್ ಕೊಡುತ್ತದೆ. ವಿ8 ಇಟ್ಟವರು ಅಷ್ಟು ಬರುತ್ತದೆ ಅಂತ ಹೇಳಿದ್ದನ್ನು ನಾನು ಕೇಳಿಲ್ಲ.

ಕೈ ಹಾಕಿಲ್ಲ ಅನ್ನುವುದು ಯಾಕೆ ಅಷ್ಟು ಮುಖ್ಯ

ಇದನ್ನು ನಾನು ಕಲಿತದ್ದು ನಷ್ಟ ಮಾಡಿಕೊಂಡು. ಗಾಡಿ ಬಂದ ಮೊದಲ ವರ್ಷ ಕಾರ್ಬುರೇಟರ್ ಸೋರುತ್ತಿತ್ತು. ಒಂದು ಗ್ಯಾರೇಜಿಗೆ ಕೊಟ್ಟೆ. ಅವರು ಅದನ್ನು ತೆಗೆದು, ನೋಡಲು ಅದರಂತೆಯೇ ಇರುವ, ನಂತರದ ವರ್ಷಗಳ ಒಂದು ಕಾರ್ಬುರೇಟರ್ ಹಾಕಿದರು. ಸೋರುವುದು ನಿಂತಿತು. ಪಿಕಪ್ಪೂ ಹೋಯಿತು. ಸೇತುವೆ ಏರುವಾಗ ಸೆಕೆಂಡ್ ಗೇರಿಗೆ ಇಳಿಸಬೇಕಾಗುತ್ತಿತ್ತು. ಮೂರು ಸಲ ವಾಪಸ್ ಹೋದೆ. "ಸಿಕ್ಸ್ ಇರುವುದೇ ಹೀಗೆ, ವಿ8 ಹಾಕಿಸಿ" ಅಂದರು.

ಕೊನೆಗೆ ದಾರಿ ತೋರಿಸಿದ್ದು ನಮ್ಮ ಬೀದಿಯಲ್ಲಿದ್ದ ಒಬ್ಬ ವಯಸ್ಸಾದ ಮೆಕ್ಯಾನಿಕ್. ಒಂದೊಂದು ಪ್ಲಗ್‌ಗೂ ಸರಿಯಾದ ಹೊತ್ತಿಗೆ ಸ್ಪಾರ್ಕ್ ಕಳಿಸುವುದು ಡಿಸ್ಟ್ರಿಬ್ಯೂಟರ್. 1967ರವರೆಗಿನ ಈ ಸಿಕ್ಸ್‌ಗಳ ಡಿಸ್ಟ್ರಿಬ್ಯೂಟರ್‌ಗೆ ಲೋಡ್-ಒ-ಮ್ಯಾಟಿಕ್ ಅಂತ ಹೆಸರು. ಸಾಮಾನ್ಯ ಡಿಸ್ಟ್ರಿಬ್ಯೂಟರ್ ಒಳಗೆ ಎರಡು ಸಣ್ಣ ತೂಕ ಇರುತ್ತವೆ. ವೇಗ ಏರಿದ ಹಾಗೆ ಅವು ಹೊರಕ್ಕೆ ಸರಿದು ಸ್ಪಾರ್ಕ್ ಮುಂಚೆ ಬರುವ ಹಾಗೆ ಮಾಡುತ್ತವೆ. ಇದರಲ್ಲಿ ಆ ತೂಕಗಳೇ ಇಲ್ಲ. ಟೈಮಿಂಗ್ ಮುಂದೆ ಹೋಗುವುದು ಪೂರ್ತಿ ವ್ಯಾಕ್ಯೂಮ್ ಮೇಲೆ. ಆ ವ್ಯಾಕ್ಯೂಮನ್ನು ಬೇಕಾದ ಹದದಲ್ಲಿ ಕೊಡುವುದು ಇದರ ಜೊತೆಗೇ ಬಂದ ಆಟೊಲೈಟ್ 1100 ಕಾರ್ಬುರೇಟರ್‌ನ ಪಕ್ಕದಲ್ಲಿ ತಿರುಗಿಸಿ ಕೂರಿಸಿದ ಒಂದು ಪುಟ್ಟ ವಾಲ್ವ್. ಎರಡೂ ಜೋಡಿ. ಒಂದನ್ನು ಬದಲಾಯಿಸಿದರೆ ಇನ್ನೊಂದು ಕುರುಡು. ನನ್ನ ಗಾಡಿಯಲ್ಲಿ ಹೊಸ ಕಾರ್ಬುರೇಟರ್‌ಗೆ ಆ ವಾಲ್ವ್ ಇರಲಿಲ್ಲ, ಅಂದರೆ ಟೈಮಿಂಗ್ ಸರಿಯಾಗಿ ಮುಂದೆ ಹೋಗುತ್ತಲೇ ಇರಲಿಲ್ಲ. ಪುಣ್ಯಕ್ಕೆ ಹಳೆಯದನ್ನು ನಾನು ಕೇಳಿ ತಂದು ಡಬ್ಬದಲ್ಲಿ ಇಟ್ಟಿದ್ದೆ. ಒಂದು ರಿಪೇರಿ ಕಿಟ್ ತರಿಸಿ, ಒಂದು ಭಾನುವಾರ ಇಬ್ಬರೂ ಕೂತು ಅದನ್ನು ಬಿಚ್ಚಿ ತೊಳೆದು ಕಟ್ಟಿದೆವು. ಅವತ್ತು ಸಂಜೆ ಅದೇ ಸೇತುವೆಯನ್ನು ಟಾಪ್ ಗೇರಿನಲ್ಲಿ ಹತ್ತಿದೆ.

ಸಿಕ್ಸ್‌ಗೆ ದಮ್ಮಿಲ್ಲ ಅನ್ನುವ ಮಾತು ಹುಟ್ಟಿದ್ದರಲ್ಲಿ ಇಂಥ ಜೋಡಿ ತಪ್ಪಿಸಿದ ಗಾಡಿಗಳ ಪಾಲು ದೊಡ್ಡದು ಅಂತ ನನ್ನ ನಂಬಿಕೆ. ಅದಕ್ಕೇ ಮಾರುವವರು "ಹೊಸ ಕಾರ್ಬುರೇಟರ್ ಹಾಕಿಸಿದ್ದೇವೆ" ಅಂತ ಹೆಮ್ಮೆಯಿಂದ ಹೇಳಿದರೆ ಖುಷಿಪಡುವ ಮುಂಚೆ ಬಗ್ಗಿ ನೋಡಿ. ಹಳೆಯದು ಎಲ್ಲಿದೆ ಅಂತಲೂ ಕೇಳಿ.

ಯಾವ ಸಿಕ್ಸ್?

ಮಸ್ಟಾಂಗ್ ಒಳಗೇ ಮೊದಲು ನೋಡೋಣ. 1964ರಲ್ಲಿ ಮಸ್ಟಾಂಗ್ ಶುರುವಾದ ಮೊದಲ ತಿಂಗಳುಗಳ ಗಾಡಿಗಳಲ್ಲಿ 170 ಕ್ಯೂಬಿಕ್ ಇಂಚಿನ ಸಿಕ್ಸ್ ಇತ್ತು, 101 ಹಾರ್ಸ್‌ಪವರ್, ನಾಲ್ಕೇ ಮೇನ್ ಬೇರಿಂಗ್, ಚಾರ್ಜಿಂಗ್‌ಗೆ ಆಲ್ಟರ್ನೇಟರ್ ಬದಲು ಜನರೇಟರ್. ಸಂಗ್ರಹಕ್ಕೆ ಚೆಂದ. ಓಡಿಸಲು ನಾನು 200ನ್ನೇ ಹೇಳುತ್ತೇನೆ. 1965ಕ್ಕೂ 1966ಕ್ಕೂ ಮಧ್ಯೆ ಕೇಳಿದರೆ 1966. ಯಾಕೆಂದರೆ 1965ರ ಮಾಮೂಲಿ ಗಾಡಿಯ ಡ್ಯಾಶ್‌ಬೋರ್ಡ್‌ನಲ್ಲಿ ಫೋರ್ಡ್‌ನದೇ ಫಾಲ್ಕನ್ ಕಾರಿನಿಂದ ಬಂದ ಉದ್ದ ಪಟ್ಟಿಯ ಸ್ಪೀಡೋಮೀಟರ್, 1966ರಲ್ಲಿ ಐದು ದುಂಡನೆಯ ಮೀಟರ್. 1965ರ ಸಿಕ್ಸ್‌ಗೆ 13 ಇಂಚಿನ ಚಕ್ರ ಬರುತ್ತಿತ್ತು, 1966ಕ್ಕೆ 14. ಇವತ್ತು 14ಕ್ಕೆ ಟೈರ್ ಹುಡುಕುವುದು ಸುಲಭ. 1967ರಿಂದ ಬ್ರೇಕ್‌ಗೆ ಎರಡು ಭಾಗದ ಮಾಸ್ಟರ್ ಸಿಲಿಂಡರ್ ಬಂತು, ಸುರಕ್ಷತೆಗೆ ಅದು ದೊಡ್ಡ ಹೆಜ್ಜೆ. ಆದರೆ ಗಾಡಿಯೂ ಸ್ವಲ್ಪ ದಪ್ಪ ಆಯಿತು, 200 ಸಿಕ್ಸ್‌ಗೆ ಅದು ಹೊರೆ. 1969ರಲ್ಲಿ 250 ಕ್ಯೂಬಿಕ್ ಇಂಚಿನದ್ದು ಬಂದದ್ದು ಅದಕ್ಕೇ.

ಹಾರ್ಡ್‌ಟಾಪ್, ಕನ್ವರ್ಟಿಬಲ್, ಹಿಂದೆ ಛಾವಣಿ ಇಳಿಜಾರಾಗಿರುವ ಫಾಸ್ಟ್‌ಬ್ಯಾಕ್ ಮೂರರಲ್ಲಿ ದುಡ್ಡಿಗೆ ತಕ್ಕ ಗಾಡಿ ಹಾರ್ಡ್‌ಟಾಪ್. ಸಿಕ್ಸ್ ಕನ್ವರ್ಟಿಬಲ್ ನನ್ನ ಕಣ್ಣಿಗೆ ಬಲು ಇಷ್ಟ. ಟಾಪ್ ಇಳಿಸಿಕೊಂಡು ಕೆರೆಯ ದಂಡೆಯ ರಸ್ತೆಯಲ್ಲಿ ಗಂಟೆಗೆ 40 ಮೈಲಿಯಲ್ಲಿ ಹೋಗಲು ಇದಕ್ಕಿಂತ ಒಳ್ಳೆಯ ಎಂಜಿನ್ ಬೇಕಿಲ್ಲ, ಆದರೆ ಅಡಿಯ ತುಕ್ಕನ್ನು ಎರಡು ಪಟ್ಟು ನೋಡಿ. ಫಾಸ್ಟ್‌ಬ್ಯಾಕ್ ಆಕಾರಕ್ಕೇ ಬೆಲೆ ಏರಿಸಿಬಿಡುತ್ತಾರೆ, ಸಿಕ್ಸ್‌ನ ಉಳಿತಾಯ ಅಲ್ಲಿ ಸಿಗಲ್ಲ.

ಬೇರೆ ಕಂಪನಿಗಳ ಪೋನಿ ಕಾರ್‌ಗಳೂ ಇವೆ, ಸಿಕ್ಸ್ ಅಂದ ತಕ್ಷಣ ಮಸ್ಟಾಂಗ್ ಒಂದೇ ಅಲ್ಲ.

ಷೆವ್ರೊಲೆಯ 1967ರ ಕಮಾರೋದಲ್ಲಿ 230 ಕ್ಯೂಬಿಕ್ ಇಂಚು, 140 ಹಾರ್ಸ್‌ಪವರ್. ಬೇಕೆಂದರೆ 250 ಕ್ಯೂಬಿಕ್ ಇಂಚು, 155. ಎಂಜಿನ್ ಫೋರ್ಡ್‌ನದ್ದಕ್ಕಿಂತ ಒಂದು ಕೈ ಮೇಲು ಅಂತ ನಾನೇ ಒಪ್ಪುತ್ತೇನೆ, ಇದೂ ಏಳು ಬೇರಿಂಗ್‌ನದ್ದು. ಇನ್‌ಟೇಕ್ ಮ್ಯಾನಿಫೋಲ್ಡ್ ಬೇರೆ ಬಿಚ್ಚಬಹುದು. ಫೋರ್ಡ್‌ನಲ್ಲಿ ಅದು ಸಿಲಿಂಡರ್ ಹೆಡ್ ಜೊತೆಗೇ ಎರಕ ಹೊಯ್ದದ್ದು, ಎರಡು ತುದಿಯ ಸಿಲಿಂಡರ್‌ಗಳಿಗೆ ಪೆಟ್ರೋಲ್ ಸ್ವಲ್ಪ ಕಡಿಮೆ ಮುಟ್ಟುತ್ತದೆ. ಆದರೆ ಕೈ ಹಾಕದ ಕಮಾರೋ ಸಿಕ್ಸ್ ಸಿಗುವುದು ತೀರಾ ಕಷ್ಟ, ಏಕೆಂದರೆ ಜನ ಅದರ ಬಾಡಿ ತಗೊಂಡು ಎಸ್‌ಎಸ್, ಝಡ್28 ಅನ್ನುವ ಜೋರು ವಿ8 ಕಮಾರೋಗಳ ನಕಲು ಮಾಡಿ ಮಾರಿಬಿಟ್ಟರು. ನಂಬರ್ ನೋಡಿ: 1967ರಿಂದ 1969ರ ಕಮಾರೋ ಕೂಪೆಯ ಚಾಸಿ ನಂಬರ್ 12337ರಿಂದ ಶುರುವಾದರೆ ಹುಟ್ಟಿದ್ದು ಸಿಕ್ಸ್ ಆಗಿ, 12437 ಆದರೆ ವಿ8.

ಪಾಂಟಿಯಾಕ್ ಫೈರ್‌ಬರ್ಡ್ ಬಗ್ಗೆ ಹೇಳದಿದ್ದರೆ ಮನಸ್ಸಿಗೆ ಸಮಾಧಾನ ಆಗಲ್ಲ. ಜಾನ್ ಡಿಲೋರಿಯನ್ ಪಾಂಟಿಯಾಕ್ ನಡೆಸುತ್ತಿದ್ದ ಕಾಲದ ಎಂಜಿನ್ ಅದು. ಓವರ್‌ಹೆಡ್ ಕ್ಯಾಮ್ (ವಾಲ್ವ್‌ಗಳನ್ನು ತೆರೆಯುವ ದಂಡ ಸಿಲಿಂಡರ್ ಹೆಡ್ ಮೇಲೇ), ಅದನ್ನು ತಿರುಗಿಸಲು ಚೈನ್ ಬದಲು ರಬ್ಬರ್ ಬೆಲ್ಟ್, ಇದೆಲ್ಲ ಅಮೆರಿಕದಲ್ಲಿ ಅರವತ್ತರ ದಶಕದಲ್ಲಿ! 1967ರಲ್ಲಿ ಮಾಮೂಲಿಯದು 165 ಹಾರ್ಸ್‌ಪವರ್, ನಾಲ್ಕು ಬ್ಯಾರಲ್ ಕಾರ್ಬುರೇಟರ್ ಹಾಕಿದ ಫೈರ್‌ಬರ್ಡ್ 'ಸ್ಪ್ರಿಂಟ್'ನದು 215 ಹಾರ್ಸ್‌ಪವರ್. ಫೋರ್ಡ್‌ನ ಸಾಧಾರಣ ವಿ8ಗಿಂತ ಜಾಸ್ತಿ. ಆರ್‌ಪಿಎಂ ಏರಿಸುತ್ತಾ ಹೋದರೆ ಅದರ ಕೂಗೇ ಬೇರೆ. ತೊಂದರೆ ಏನೆಂದರೆ ಕ್ಯಾಮ್ ನೇರವಾಗಿ ಅಲ್ಯೂಮಿನಿಯಂ ಹೌಸಿಂಗ್‌ನಲ್ಲಿ ತಿರುಗುತ್ತದೆ. ಹಿಂದಿನವರು ಆಯಿಲ್ ಸರಿಯಾಗಿ ಬದಲಾಯಿಸದಿದ್ದರೆ ಅದು ಸವೆದಿರುತ್ತದೆ, ಒಳ್ಳೆಯ ಹೌಸಿಂಗ್ ಸಿಗುವುದು ಸುಲಭ ಅಲ್ಲ. ಎಂಜಿನ್ ಕೆಲಸ ಚೆನ್ನಾಗಿ ಗೊತ್ತಿದ್ದರೆ ಇದನ್ನೇ ತಗೊಳ್ಳಿ, ಮೊದಲ ಹಳೆ ಕಾರು ಆದರೆ ಬೇಡ.

ಪ್ಲಿಮತ್ ಬ್ಯಾರಕೂಡಾ ಮಸ್ಟಾಂಗ್‌ಗಿಂತ ಎರಡು ವಾರ ಮುಂಚೆಯೇ, 1964ರ ಏಪ್ರಿಲ್ 1ಕ್ಕೆ ಬಂದಿತ್ತು. ಅದರ ಸ್ಲ್ಯಾಂಟ್ ಸಿಕ್ಸ್ 30 ಡಿಗ್ರಿ ಓರೆಯಾಗಿ ಕೂತಿರುತ್ತದೆ. 225 ಕ್ಯೂಬಿಕ್ ಇಂಚಿನದ್ದು, 145 ಹಾರ್ಸ್‌ಪವರ್. ಈ ಎಲ್ಲದರಲ್ಲಿ ಗಟ್ಟಿ ಎಂಜಿನ್ ಯಾವುದು ಅಂದರೆ ಇದೇ, ಟ್ಯಾಪೆಟ್ ಸದ್ದು ಮಾಡಿಕೊಂಡೇ ಲಕ್ಷಗಟ್ಟಲೆ ಮೈಲಿ ಓಡುತ್ತದೆ. ಬಾಡಿ ಸಾಮಾನು ಮಸ್ಟಾಂಗ್‌ನಷ್ಟು ಸಿಗಲ್ಲ. ತಗೊಂಡರೆ ಒಂದು ಮಾತು ನೆನಪಿಡಿ: ಆ ಕಾಲದ ಕ್ರೈಸ್ಲರ್ ಗಾಡಿಗಳಲ್ಲಿ ಎಡಗಡೆ ಚಕ್ರದ ನಟ್‌ಗಳಿಗೆ ಉಲ್ಟಾ ಥ್ರೆಡ್. ಗೊತ್ತಿಲ್ಲದೆ ಮಾಮೂಲಿಯಂತೆ ತಿರುಗಿಸಿ ಬೋಲ್ಟ್ ಮುರಿದವರು ಬಹಳ ಜನ.

1968ರ ಎಎಂಸಿ ಜಾವೆಲಿನ್‌ನ 232 ಸಿಕ್ಸ್ ಕೂಡ ಒಳ್ಳೆಯದು, ಆ ಎಂಜಿನ್ ವಂಶವೇ ಮುಂದೆ ಜೀಪ್‌ನ 4.0 ಆಗಿ 2006ರವರೆಗೆ ಬಾಳಿತು. ಬಾಡಿಯ ಸಾಮಾನಿಗೆ ಅಲೆಯಬೇಕು, ಅಷ್ಟೇ.

ಮೊದಲ ಸಲ ತಗೊಳ್ಳುವವರಿಗೆ ಇವೆಲ್ಲದರಲ್ಲಿ ನಾನು ಹೇಳುವುದು 1966ರ ಮಸ್ಟಾಂಗ್ 200. ಎಂಜಿನ್ ಉಳಿದವಕ್ಕಿಂತ ಮೇಲು ಅಂತ ಅಲ್ಲ. ಫೆಂಡರ್‌ನಿಂದ ಹಿಡಿದು ಬಾಗಿಲ ರಬ್ಬರ್‌ವರೆಗೆ ಹೊಸದಾಗಿ ಮಾಡಿದ ಸಾಮಾನು ಸಿಗುತ್ತದೆ ಅಂತ.

ಕೈ ಹಾಕಿಲ್ಲ ಅಂತ ಗೊತ್ತಾಗುವುದು ಹೇಗೆ

ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಂನಲ್ಲಿ ಮಸ್ಟಾಂಗ್‌ನ ಮೊದಲ ನಂಬರಿನ ಗಾಡಿ ಇದೆ, 5ಎಫ್08ಎಫ್100001. ಓದುವುದು ಹೀಗೆ: 5 ಅಂದರೆ 1965ರ ಮಾಡೆಲ್, ಎಫ್ ಅಂದರೆ ಡಿಯರ್‌ಬಾರ್ನ್, 08 ಕನ್ವರ್ಟಿಬಲ್, ಮುಂದಿನ ಎಫ್ 260 ವಿ8. ನಿಮ್ಮ ಗಾಡಿಯ ನಂಬರಿನಲ್ಲಿ ಆ ಐದನೇ ಜಾಗದಲ್ಲಿ ಟಿ ಇದ್ದರೆ 200 ಸಿಕ್ಸ್, ಯು ಇದ್ದರೆ 170 ಸಿಕ್ಸ್. ಎ, ಸಿ, ಡಿ, ಕೆ ಇದ್ದರೆ ವಿ8. ಎರಡನೇ ಜಾಗದ ಆರ್ ಅಂದರೆ ಸ್ಯಾನ್ ಹೋಸೆ, ಟಿ ಅಂದರೆ ಮೆಟುಚೆನ್. 07 ಹಾರ್ಡ್‌ಟಾಪ್, 09 ಫಾಸ್ಟ್‌ಬ್ಯಾಕ್. ಈ ನಂಬರ್ ಬಾನೆಟ್ ಒಳಗೆ ಡ್ರೈವರ್ ಪಕ್ಕದ ಫೆಂಡರ್ ಅಂಚಿನ ಹತ್ತಿರ ಒತ್ತಿರುತ್ತಾರೆ, ಡ್ರೈವರ್ ಬಾಗಿಲ ಪ್ಲೇಟ್‌ನಲ್ಲೂ ಇರುತ್ತದೆ. ಎರಡೂ ತಾಳೆ ಆಗಬೇಕು. ಬಾಗಿಲು ಬದಲಾಯಿಸಬಹುದು, ಹಾಗಾಗಿ ಫೆಂಡರ್ ಒಳಗಿನದ್ದೇ ಮುಖ್ಯ.

ಸಿಕ್ಸ್ ಬ್ಲಾಕ್ ಮೇಲೆ ಆಗ ಚಾಸಿ ನಂಬರ್ ಒತ್ತುತ್ತಿರಲಿಲ್ಲ. ಎರಕದ ತಾರೀಖು ನೋಡಬೇಕು. ಉದಾಹರಣೆಗೆ 6ಎ15 ಅಂದರೆ 1966, ಜನವರಿ, 15. ಅದು ಗಾಡಿ ತಯಾರಾದ ದಿನಕ್ಕಿಂತ ಸ್ವಲ್ಪ ಮುಂಚಿನದ್ದಾಗಿದ್ದರೆ ಬಹುಪಾಲು ಅದೇ ಎಂಜಿನ್. 1966ರ ಎಂಜಿನ್ ಬಣ್ಣ ಫೋರ್ಡ್ ನೀಲಿ.

ತುಕ್ಕು ಮಾತ್ರ ಯಾವ ಎಂಜಿನ್ ಅಂತ ನೋಡಲ್ಲ. ಒಂದು ಬಾಟಲಿ ನೀರು ತಗೊಂಡು ಹೋಗಿ. ವಿಂಡ್‌ಶೀಲ್ಡ್ ಕೆಳಗೆ, ಬಾನೆಟ್ ಮತ್ತು ಗಾಜಿನ ನಡುವೆ ಸೀಳು ಸೀಳಾದ ಜಾಲರಿ ಇದೆಯಲ್ಲ, ಅದರೊಳಗೆ ನಿಧಾನಕ್ಕೆ ಸುರಿಯಿರಿ. ಒಳಗಡೆ ಡ್ಯಾಶ್‌ಬೋರ್ಡ್ ಕೆಳಗೆ ಕಾರ್ಪೆಟ್ ಮೇಲೆ ಹನಿ ಬಿದ್ದರೆ ಕೌಲ್ ತೂತಾಗಿದೆ ಅಂತ ಅರ್ಥ. ಅದನ್ನು ಸರಿಯಾಗಿ ಮಾಡಲು ಸ್ಪಾಟ್ ವೆಲ್ಡ್ ಒಂದೊಂದಾಗಿ ಬಿಡಿಸಬೇಕು, ದುಬಾರಿ ಕೆಲಸ. ಆಮೇಲೆ ಕಾರ್ಪೆಟ್ ಎತ್ತಿ ತಳ ನೋಡಿ. ಡಿಕ್ಕಿ ತೆಗೆದು ನೋಡಿ, ಈ ಗಾಡಿಯಲ್ಲಿ ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗವೇ ಡಿಕ್ಕಿಯ ನೆಲ. ಡಿಕ್ಕಿಯಲ್ಲಿ ಪೆಟ್ರೋಲ್ ವಾಸನೆ ಬಂದರೆ ಕೇಳದೆ ಬಿಡಬೇಡಿ.

ಇಲ್ಲಿ ಒಂದು ಲೆಕ್ಕ ನೆನಪಿಡಿ. ತುಕ್ಕು ಕೆಲಸ, ಪೇಂಟ್, ಕ್ರೋಮ್, ಸೀಟು, ಇವಕ್ಕೆಲ್ಲ ಸಿಕ್ಸ್‌ಗೂ ವಿ8ಗೂ ಒಂದೇ ಖರ್ಚು. ಆದರೆ ಮುಗಿದ ಮೇಲೆ ಸಿಕ್ಸ್‌ಗೆ ಬೆಲೆ ಕಡಿಮೆ. ಆದ್ದರಿಂದ ಸಿಕ್ಸ್ ತಗೊಳ್ಳುವಾಗ ಗಟ್ಟಿ ಬಾಡಿಯದ್ದನ್ನೇ ತಗೊಳ್ಳಿ, ಇನ್ನೊಂದಿಷ್ಟು ಸಾವಿರ ಡಾಲರ್ ಜಾಸ್ತಿ ಆದರೂ ಪರವಾಗಿಲ್ಲ. ಪೇಂಟ್ ಮಾಸಿರಲಿ, ಸೀಟು ಒಂದು ಕಡೆ ಹರಿದಿರಲಿ, ಅದರ ಜೊತೆ ಬದುಕಬಹುದು.

ನಾನು ಬದಲಾಯಿಸಿದ್ದು ಏನು

ಕೈ ಹಾಕಬಾರದು ಅಂತ ಇಷ್ಟು ಹೇಳಿದ ಮೇಲೆ ಇದನ್ನೂ ಹೇಳಬೇಕು. 1965–66ರ ಮಾಸ್ಟರ್ ಸಿಲಿಂಡರ್ ಒಂದೇ ಭಾಗದ್ದು. ಎಲ್ಲೋ ಒಂದು ಪೈಪ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೆ ಹೋಗುತ್ತದೆ. ನಾನು ಎರಡು ಭಾಗದ್ದು ಹಾಕಿದ್ದೇನೆ. ಮೂರು ಕಡೆ ಹಿಡಿಯುವ ಸೀಟ್ ಬೆಲ್ಟ್ ಹಾಕಿದ್ದೇನೆ, ರೇಡಿಯಲ್ ಟೈರ್ ಹಾಕಿದ್ದೇನೆ, ಈಗಿನ ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರನ್ನು ತಿನ್ನುತ್ತದೆ ಅಂತ ಪೆಟ್ರೋಲ್ ಪೈಪ್‌ಗಳನ್ನೂ ಬದಲಾಯಿಸಿದ್ದೇನೆ. ತೆಗೆದ ಸಾಮಾನಿಗೆಲ್ಲ ಚೀಟಿ ಅಂಟಿಸಿ ಗ್ಯಾರೇಜಿನ ಅಟ್ಟದ ಮೇಲೆ ಇಟ್ಟಿದ್ದೇನೆ. ನಾಳೆ ಯಾರಾದರೂ ಪೂರ್ತಿ ಹಾಗೇ ಬೇಕು ಅಂದರೆ ಒಂದು ವಾರಾಂತ್ಯದಲ್ಲಿ ವಾಪಸ್ ಹಾಕಬಹುದು. ನನ್ನ ಅಳತೆ ಇಷ್ಟೇ: ಪ್ರಾಣಕ್ಕೆ ಸಂಬಂಧಪಟ್ಟದ್ದನ್ನು ಮಾಡಿಸಿ, ಕತ್ತರಿಸುವುದು ತೂತು ಕೊರೆಯುವುದು ಬೇಡ.

ಸಿಕ್ಸ್ ಯಾರಿಗೆ ಬೇಡ ಅಂತ ಕೇಳಿದರೆ, ದಿನಾ ಗಂಟೆಗೆ 75 ಮೈಲಿಯ ಹೈವೇಯಲ್ಲಿ ಓಡಿಸುವವರಿಗೆ ಬೇಡ. ಗುಡ್ಡದ ಊರಲ್ಲಿ ನಾಲ್ಕು ಜನ ಕೂತು ಎಸಿ ಹಾಕಿಕೊಂಡು ಹೋಗುವವರಿಗೆ ಬೇಡ. ಐದು ವರ್ಷಕ್ಕೆ ಮಾರಿ ಲಾಭ ಮಾಡಬೇಕು ಅನ್ನುವವರಿಗೂ ಬೇಡ.

ನೋಡಲು ಹೋಗುವ ಹಿಂದಿನ ದಿನ ಮಾರುವವರಿಗೆ ಫೋನ್ ಮಾಡಿ, "ನಾನು ಬರುವವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ" ಅಂತ ವಿನಯವಾಗಿ ಕೇಳಿ. ಹೋದ ತಕ್ಷಣ ರೇಡಿಯೇಟರ್ ಮೇಲೆ ಕೈ ಇಟ್ಟು ನೋಡಿ, ತಣ್ಣಗಿರಬೇಕು. ಆಕ್ಸಿಲರೇಟರನ್ನು ಒಂದು ಸಲ ಪೂರ್ತಿ ಒತ್ತಿ ಬಿಡಿ, ಚೋಕ್ ಕೂರುತ್ತದೆ. ಆಮೇಲೆ ಕೀ ತಿರುಗಿಸಿ. ಒಳ್ಳೆಯ ಸಿಕ್ಸ್ ಎರಡು ಮೂರು ಸುತ್ತಿಗೇ ಹಿಡಿಯುತ್ತದೆ, ಒಂದು ನಿಮಿಷ ಸ್ವಲ್ಪ ಜೋರಾಗಿ ಓಡಿ, ಕಾಲು ತಾಗಿಸಿದರೆ ತಾನಾಗಿಯೇ ಇಳಿಯುತ್ತದೆ. ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್, ಬರುತ್ತಲೇ ಇದ್ದರೆ ರಿಂಗ್. ಕೆಳಗಿನಿಂದ ಟಕ್ ಟಕ್ ಅನ್ನುವ ಸದ್ದು ಬಿಸಿಯಾದ ಮೇಲೂ ಉಳಿದರೆ ಬಿಟ್ಟು ಬನ್ನಿ. ಯಾವುದೂ ಇಲ್ಲದೆ ಹೊಲಿಗೆ ಯಂತ್ರದ ಹಾಗೆ ಒಂದೇ ಸಮ ಓಡುತ್ತಿದ್ದರೆ ಡಿಸ್ಟ್ರಿಬ್ಯೂಟರ್ ಪಕ್ಕಕ್ಕೆ ಬಗ್ಗಿ, ಕಾರ್ಬುರೇಟರ್ ಮೇಲೆ ಆ ಪುಟ್ಟ ವಾಲ್ವ್ ಇದೆಯಾ ನೋಡಿ. ಇದ್ದರೆ ಮುಂಗಡ ಕೊಟ್ಟು ಬನ್ನಿ.